ಭಟ್ಟರು ಬೇಯಿಸಿದ ನೀರು

‘ನೀರು ಜಾಸ್ತಿ ಕುಡಿಯಿರಿ’ ಎಂದು ಹೇಳುವುದಕ್ಕೆ ವೈದ್ಯಶಾಸ್ತ್ರ ಓದಬೇಕಾಗಿಲ್ಲ, ಯಾರ ಮನೆಯ ಅಜ್ಜಿಯಾದರೂ ಹೇಳುತ್ತಾಳೆ. ಆದರೆ ಒಬ್ಬ ಮನುಷ್ಯನಿಗೆ ನಿಜವಾಗಿ ನೀರು ಕುಡಿಸುವುದು ಬೇರೆಯೇ ಕೆಲಸ. ಅದಕ್ಕೆ ನನ್ನ ಓದು ಸಾಲದು ಎಂದು ತೋರಿಸಿಕೊಟ್ಟವರು ಬೈಕುಲ್ಲಾದ ಒಂದು ಉಡುಪಿ ಹೋಟೆಲಿನ ಅಡುಗೆ ಭಟ್ಟರು. ಆ ಎರಡು ತಿಂಗಳು ನಾನು ಬಹಳ ಕೂಗಾಡಿದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಓದಿ ಬಂದ ನಾನು ಬೈಕುಲ್ಲಾ ಮಾರ್ಕೆಟ್ಟಿನ ಹಿಂದಿನ ಒಂದು ಧರ್ಮಾರ್ಥ ದವಾಖಾನೆಗೆ ಇದ್ದೊಬ್ಬಳೇ ಡಾಕ್ಟರು. ಚಾಳಿನ ಕೆಳಗೆ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಔಷಧಿ ಕಲಸುವ, ಚೀಟಿ ಬರೆಯುವ, ಸಾಲು ತಪ್ಪಿಸಿದವರನ್ನು ಗದರುವ ನಮ್ಮ ಕಂಪೌಂಡರು, ಧಾರವಾಡದ ಕಡೆಯವರು. ಒಂದು ಬೆಳಿಗ್ಗೆ ಎದುರು ರಸ್ತೆಯ ಹೋಟೆಲಿನ ಯಜಮಾನರು ತಮ್ಮ ಮುಖ್ಯ ಅಡುಗೆಯವರನ್ನು ಇಬ್ಬರ ಹೆಗಲಿಗೆ ಹಾಕಿಸಿ ಕರೆತಂದರು. ಯಜಮಾನರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು, ಅಡುಗೆಯವರನ್ನು ಭಟ್ಟರು. ಭಟ್ಟರಿಗೆ ಐವತ್ತರ ಹತ್ತಿರ, ಭಾರೀ ಆಳು, ಹೊಟ್ಟೆಯ ಮೇಲೆ ಪಂಚೆ ನಿಲ್ಲುವುದೇ ಕಷ್ಟ. ಎಡ ಸೊಂಟದಿಂದ ತೊಡೆಸಂದಿಯವರೆಗೆ ನೋವು, ಮೈಯೆಲ್ಲ ಬೆವರು, ಎರಡು ಸಲ ವಾಂತಿ. ಅಷ್ಟರಲ್ಲೂ ಅವರು ಕಿರುಚಲಿಲ್ಲ. ಹಲ್ಲು ಕಚ್ಚಿಕೊಂಡು, ಒಲೆಯ ಮೇಲೆ ಬಿಟ್ಟು ಬಂದ ಸಾಂಬಾರಿಗೆ ಇನ್ನೂ ಒಗ್ಗರಣೆ ಬಿದ್ದಿಲ್ಲ, ಯಾರಾದರೂ ಹೋಗಿ ನೋಡಿ ಎಂದು ರಾಯರಿಗೆ ಹೇಳುತ್ತಿದ್ದರು. ಅಟ್ರೋಪಿನ್ ಚುಚ್ಚಿ, ಸೊಂಟಕ್ಕೆ ಬಿಸಿನೀರಿನ ಚೀಲ ಕೊಟ್ಟು ಮಲಗಿಸಿದೆ. ಅರ್ಧ ಗಂಟೆಯಲ್ಲಿ ಉಸಿರು ಸಮಕ್ಕೆ ಬಂತು.

ಮೂತ್ರ ಹಿಡಿಸಿ ನೋಡಿದರೆ ಕಡು ಚಹಾದ ಬಣ್ಣ. ಅದರ ಸಾಂದ್ರತೆ ಅಳೆಯುವುದಕ್ಕೆ ನಮ್ಮಲ್ಲಿ ಒಂದು ಗಾಜಿನ ಕಡ್ಡಿ ಇತ್ತು, ಕೆಳಗೆ ಪಾದರಸದ ಬುಡ್ಡಿ, ಮೇಲೆ ಗೆರೆಗಳು. ಉದ್ದನೆಯ ಜಾಡಿಯಲ್ಲಿ ಮೂತ್ರ ಹಾಕಿ ಅದನ್ನು ತೇಲಿಬಿಡಬೇಕು. ಮೂತ್ರ ತೆಳುವಾಗಿದ್ದರೆ ಕಡ್ಡಿ ಮುಳುಗುತ್ತದೆ, ಗಟ್ಟಿಯಾಗಿದ್ದರೆ ಮೇಲೇಳುತ್ತದೆ. ಬರಿಯ ನೀರಾದರೆ ಸಾವಿರ ತೋರಿಸುತ್ತದೆ. ಭಟ್ಟರದು ಸಾವಿರದ ಮೂವತ್ತೆರಡು. ಸೂಕ್ಷ್ಮದರ್ಶಕದಡಿ ರಕ್ತದ ಕಣಗಳು, ಜೊತೆಗೆ ಅಂಚೆ ಲಕೋಟೆಯ ಆಕಾರದ ಹರಳುಗಳು. ದೊಡ್ಡ ಆಸ್ಪತ್ರೆಗೆ ಕಳಿಸಿ ಎಕ್ಸ್‌ರೇ ತೆಗೆಸಿದಾಗ ಎಡಗಡೆಯ ಮೂತ್ರನಾಳದ ಕೆಳಭಾಗದಲ್ಲಿ ಕಲ್ಲು ಕೂತಿದ್ದು ಕಾಣಿಸಿತು.

ಅಲ್ಲಿಯ ಸರ್ಜನ್ ಚಿತ್ರವನ್ನು ಬೆಳಕಿಗೆ ಹಿಡಿದು ಎರಡೇ ಮಾತು ಹೇಳಿದರು. ಕಲ್ಲು ಸಣ್ಣದು, ತಾನಾಗಿ ಇಳಿಯಬಹುದು, ಎರಡು ತಿಂಗಳು ಕಾಯೋಣ. ಇಳಿಯದಿದ್ದರೆ ಕೊಯ್ಯಲೇಬೇಕು, ಬಿಟ್ಟರೆ ಆ ಕಿಡ್ನಿ ಹೋಗುತ್ತದೆ. ಆದರೆ ಇನ್ನೂರ ಹದಿನಾಲ್ಕು ಪೌಂಡು ತೂಗುವ ಈ ದೇಹಕ್ಕೆ ಅರಿವಳಿಕೆ ಕೊಡುವುದಕ್ಕೇ ತಮಗೆ ಧೈರ್ಯವಿಲ್ಲ, ಇಪ್ಪತ್ತು ಪೌಂಡಾದರೂ ಇಳಿಸಿಕೊಂಡು ಬರಲಿ ಎಂದರು. ಎರಡಕ್ಕೂ ಮೊದಲ ಮದ್ದು ಒಂದೇ, ಹೊಟ್ಟೆತುಂಬ ನೀರು. ಕುಡಿಸುವ ಜವಾಬ್ದಾರಿ ನನ್ನದು.

ರಾಯರು ಕೆಟ್ಟವರಲ್ಲ. ಆದರೆ ಅವರದೂ ಒಂದು ಲೆಕ್ಕಾಚಾರ ಇತ್ತು. ಹೊಟ್ಟೆ ಕೊಯ್ದ ಮೇಲೆ ಆರು ತಿಂಗಳು ಭಾರ ಎತ್ತುವಂತಿಲ್ಲ. ಆ ಕೊಪ್ಪರಿಗೆಗಳ ಅಡುಗೆಮನೆ ಆರು ತಿಂಗಳು ಕಾಯುವುದಿಲ್ಲ, ಎರಡನೆಯ ಅಡುಗೆಯವನಿಗೆ ಒಲೆ ಒಪ್ಪಿಸಿ ಭಟ್ಟರನ್ನು ಊರಿಗೆ ಕಳಿಸಬೇಕಾಗುತ್ತದೆ ಎಂದು ಅವರು ನನ್ನ ಮುಂದೆಯೇ ಹೇಳಿದರು. ಭಟ್ಟರು ತಲೆ ತಗ್ಗಿಸಿ ಕೇಳಿಸಿಕೊಂಡರು. ರಾಯರು ಆಚೆ ಹೋದ ಮೇಲೆ ಮೆಲ್ಲಗೆ ಹೇಳಿದರು, “ಒಲೆ ಬಿಟ್ರೆ ನಂಗೆ ಬೇರೆ ಎಂತದೂ ಗೊತ್ತಿಲ್ಲ ಡಾಕ್ಟ್ರಮ್ಮ. ಊರಿಗೆ ಹೋಗಿ ನಾನೆಂತ ಮಾಡುದು?”

ಅವರ ಹಿತ್ತಾಳೆ ಲೋಟವನ್ನೇ ತರಿಸಿ ನಮ್ಮ ಅಳತೆ ಗಾಜಿನಲ್ಲಿ ಅಳೆದೆ, ಹನ್ನೆರಡು ಔನ್ಸ್. ಒಲೆಯ ಮುಂದೆ ಬೆವರುವ ಮನುಷ್ಯ, ದಿನಕ್ಕೆ ಹತ್ತು ಲೋಟ ಎಂದು ಗೊತ್ತು ಮಾಡಿದೆ. ಊಟಕ್ಕೆ ಮೊದಲು ಎರಡು ಕುಡಿದರೆ ಅನ್ನವೂ ಕಡಿಮೆ ಹೋಗುತ್ತದೆ, ಬಾಯಾರಿಕೆಯನ್ನು ಹಸಿವು ಎಂದು ತಿಳಿದು ತಿನ್ನುವವರು ಬಹಳ ಎಂದೂ ವಿವರಿಸಿದೆ. ಮೂತ್ರವನ್ನು ಪ್ರತಿ ಸಲ ತೆಳು ಬಟ್ಟೆಯಲ್ಲಿ ಸೋಸಬೇಕು, ಕಲ್ಲು ಬಿದ್ದರೆ ಸಿಗುತ್ತದೆ. ಪ್ರತಿ ಮಂಗಳವಾರ ಮಧ್ಯಾಹ್ನ, ಊಟದ ಗಿರಾಕಿ ಕರಗಿದ ಮೇಲೆ, ಬಂದು ತೂಕ ನೋಡಿಸಬೇಕು, ಮೂತ್ರ ಕೊಡಬೇಕು. ಭಟ್ಟರು ಎಲ್ಲಕ್ಕೂ ತಲೆಯಾಡಿಸಿದರು.

ಮೊದಲನೆಯ ಮಂಗಳವಾರ ತಕ್ಕಡಿಯ ಮುಳ್ಳು ಕದಲಲಿಲ್ಲ. ಕಡ್ಡಿ ಸಾವಿರದ ಮೂವತ್ತೊಂದು ತೋರಿಸಿತು. ನೀರು ಕುಡಿಯುತ್ತಿದ್ದೀರಾ ಎಂದರೆ, ಆದಷ್ಟು ಕುಡಿಯುತ್ತೇನೆ ಎಂದರು. ಎರಡನೆಯ ಮಂಗಳವಾರ ತೂಕ ಒಂದು ಪೌಂಡು ಏರಿತ್ತು! ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಆ ವಯಸ್ಸಿನಲ್ಲಿ ಇನ್ನೂ ಹೆಚ್ಚು. ಹೊರಗೆ ಕೂತ ರೋಗಿಗಳೆಲ್ಲ ಕೇಳುವ ಹಾಗೆ ಗದರಿದೆ. ನೀವು ಸುಳ್ಳು ಹೇಳಬಹುದು, ಈ ಗಾಜಿನ ಕಡ್ಡಿ ಹೇಳುವುದಿಲ್ಲ, ಕಿಡ್ನಿ ನಿಮ್ಮದು, ಕಳೆದುಕೊಳ್ಳುವವರೂ ನೀವೇ ಎಂದು ಇನ್ನೂ ಏನೇನೋ ಅಂದೆ. ಅಪ್ಪನ ವಯಸ್ಸಿನವರು. ಅವರು ಹೆಗಲ ಮೇಲಿನ ಬೈರಾಸು ಸರಿಮಾಡಿಕೊಂಡು ನಮಸ್ಕಾರ ಹೇಳಿ ಹೋದರು.

ಅವರ ಬೆನ್ನು ಮರೆಯಾದ ಮೇಲೆ ಕಂಪೌಂಡರು ಒಳಗೆ ಬಂದರು. “ಡಾಕ್ಟರ ಬಾಯಾರ, ಅವ್ರು ಸುಳ್ಳು ಹೇಳೂ ಮನಷ್ಯಾ ಅಲ್ರೀ. ಅವ್ರಿಗೆ ನೀರು ಸಿಗೂದಿಲ್ಲ, ಅದರ ಸಲುವಾಗಿ ಕುಡಿಯೂದಿಲ್ಲ” ಎಂದರು. ಬಂಬಯಿ ಸೆಂಟ್ರಲ್ ಸ್ಟೇಷನ್ನಿನಲ್ಲಿ ಭಟ್ಟರು ಎರಡು ತಾಮ್ರದ ಕೊಡ ಹಿಡಿದು ಲೋಕಲ್‌ನಿಂದ ಇಳಿಯುವುದನ್ನು ಅವರು ಎರಡು ಸಲ ಕಂಡಿದ್ದರಂತೆ. ಕೊಡದ ಬಾಯಿಗೆ ಒದ್ದೆ ಬಟ್ಟೆ ಬಿಗಿದಿತ್ತಂತೆ. ಹೋಟೆಲಿನಲ್ಲಿ ನಲ್ಲಿ ಇದೆ, ನಲ್ಲಿಯಲ್ಲಿ ನೀರಿದೆ, ಇದೇನು ಹೊಸ ಕಥೆ ಎಂದು ನನಗೆ ಅರ್ಥವಾಗಲಿಲ್ಲ.

ಮರುದಿನ ಮಧ್ಯಾಹ್ನ ನಾನೇ ಹೋಟೆಲಿಗೆ ಹೋದೆ. ಅಡುಗೆಮನೆಯ ಒಳಗೆ ಹೊರಗಿನವರು ಕಾಲಿಡುವಂತಿಲ್ಲ. ಬಾಗಿಲ ಹೊರಗೆ ನನಗೊಂದು ಮಣೆ ಹಾಕಿಸಿದರು. ಒಳಗಿನ ಕಾವು ಹೊಸ್ತಿಲಲ್ಲೇ ಮುಖಕ್ಕೆ ಹೊಡೆಯುತ್ತಿತ್ತು. ಅಲ್ಲಿ ಭಟ್ಟರು ಸಂಕೋಚದಿಂದ ವಿಷಯ ಬಿಡಿಸಿ ಹೇಳಿದರು. ನಲ್ಲಿಯ ಒಳಗೆ ಚರ್ಮದ ವಾಷರ್ ಇರುತ್ತದೆ, ಚರ್ಮಕ್ಕೆ ತಾಗಿದ ನೀರನ್ನು ಹಸಿಯಾಗಿ ಕುಡಿಯುವುದಿಲ್ಲ ಎಂದು ಬಂಬಯಿಗೆ ಹೊರಡುವಾಗ ಸಾಕಿ ಬೆಳೆಸಿದ ಅಜ್ಜಿಗೆ ಮಾತು ಕೊಟ್ಟಿದ್ದರು. ಇಪ್ಪತ್ತೆಂಟು ವರ್ಷ ತಪ್ಪಿರಲಿಲ್ಲ. ವಾರಕ್ಕೊಮ್ಮೆ ರಜೆಯ ದಿನ ಕಾಂದಿವಲಿಗೆ ಹೋಗಿ, ಊರಿನವರೊಬ್ಬರ ವಾಡಿಯ, ಅಂದರೆ ತೋಟದ, ಬಾವಿಯಿಂದ ತಾವೇ ಸೇದಿ ಎರಡು ಸಣ್ಣ ಕೊಡ ನೀರು ತರುತ್ತಿದ್ದರು. ಅದರಲ್ಲೇ ದೇವರ ಪೂಜೆಗೆ ಪಾಲು. ಉಳಿದದ್ದನ್ನು ವಾರದ ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಮೂರು ಲೋಟವೂ ಪೂರಾ ಬರುತ್ತಿರಲಿಲ್ಲ. ನಾನು ಹತ್ತು ಲೋಟ ಎಂದಾಗ ಅವರು ತಲೆಯಾಡಿಸಿದ್ದು, ಡಾಕ್ಟರ ಮಾತಿಗೆ ಎದುರು ಹೇಳಬಾರದೆಂಬ ಮರ್ಯಾದೆಗೆ.

ಲೋಕಲ್‌ನಲ್ಲಿ ಯಾರೂ ಕೊಡ ಮುಟ್ಟುವುದಿಲ್ಲವೇ ಎಂದು ಕೊಂಕು ತೆಗೆದೆ. ಪ್ರಯಾಣದಲ್ಲಿ ಅಷ್ಟು ನಡೆಯುತ್ತದೆ ಎಂದರು, ನಗದೆ. ಹಾಗಾದರೆ ನಲ್ಲಿಯ ನೀರಿನಲ್ಲಿ ಸಾವಿರ ಜನಕ್ಕೆ ಸಾಂಬಾರು ಮಾಡುತ್ತೀರಲ್ಲ ಎಂದೆ. ಅದಕ್ಕೂ ಉತ್ತರ ಇತ್ತು. ಬೆಂಕಿ ಕಂಡ ಮೇಲೆ ದೋಷ ಇಲ್ಲ.

ಆ ಮಾತು ಕೇಳಿದ ಮೇಲೆ ಅವರ ತೂಕದ ಗುಟ್ಟು ಗೊತ್ತಾಯಿತು. ಅಲ್ಲೇ ಕೂತು ಎರಡು ಗಂಟೆ ನೋಡಿದೆ. ಭಟ್ಟರು ಅಡುಗೆಯ ರುಚಿ ನೋಡುವವರಲ್ಲ, ಆವಿಯ ವಾಸನೆಯಲ್ಲೇ ಉಪ್ಪು ಎಷ್ಟಿದೆ ಎಂದು ಹೇಳುತ್ತಿದ್ದರು. ಊಟ ಹೊತ್ತಿಗೊಂದೇ. ಆದರೆ ಬಾಯಾರಿದಾಗೆಲ್ಲ ಒಲೆಯ ಪಕ್ಕದ ಪಾತ್ರೆಯಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು, ಬೆಂಕಿ ಕಂಡದ್ದಲ್ಲವೇ! ಗಟ್ಟಿ ಹಾಲು, ಒಳ್ಳೆ ಸಿಹಿ. ಎರಡು ಗಂಟೆಯಲ್ಲಿ ನಾಲ್ಕು ಸಣ್ಣ ಬಟ್ಟಲು ಎಣಿಸಿದೆ, ನೀರಿನ ಲೋಟದ ಕಾಲು ಭಾಗದಷ್ಟೇ ಹಿಡಿಯುವಂಥವು. ದಿನಕ್ಕೆ ಎಷ್ಟು ಎಂದರೆ ಅವರಿಗೇ ಗೊತ್ತಿಲ್ಲ, ಹದಿನಾಲ್ಕೋ ಹದಿನೈದೋ. ಬಾಯಾರಿಕೆಗೆ ಹಾಲು ಸಕ್ಕರೆ ಸುರಿದುಕೊಂಡು ಆ ಹೊಟ್ಟೆ ಬೆಳೆದಿತ್ತು.

ಇಲ್ಲಿ ನನ್ನ ಬುದ್ಧಿವಂತಿಕೆಯ ಪ್ರದರ್ಶನ ಶುರುವಾಯಿತು. ನಮ್ಮ ದವಾಖಾನೆಗೆ ಚರ್ಮ ಹದಮಾಡುವವರ ಮಕ್ಕಳು ಬರುತ್ತಿದ್ದರು. ಅವರ ಕೈ ಹಿಡಿದು ನಾಡಿ ನೋಡುವ ನನಗೆ ಭಟ್ಟರ ಈ ನಂಬಿಕೆ ಸರಿಯೆನಿಸಲಿಲ್ಲ, ಇಂದಿಗೂ ಸರಿಯೆನಿಸುವುದಿಲ್ಲ. ಈಗಿನ ಕಾಲದಲ್ಲಿ ಎಲ್ಲಾ ನಲ್ಲಿಗೂ ರಬ್ಬರಿನದೇ ವಾಷರ್, ಬೇಕಾದರೆ ಬಿಚ್ಚಿಸಿ ತೋರಿಸುತ್ತೇನೆ ಎಂದು ಸವಾಲು ಹಾಕಿದೆ. ರಬ್ಬರ್ ಇದ್ದರೆ ಕುಡಿಯುತ್ತೀರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಕುಡಿಯಬಹುದು ಎಂದರು. ಗೆದ್ದೆ ಎಂದುಕೊಂಡೆ.

ಮೂರನೆಯ ಮಂಗಳವಾರ ಮಾರ್ಕೆಟ್ಟಿನಿಂದ ಒಬ್ಬ ಪ್ಲಂಬರನನ್ನು ಕರೆಸಿದೆ. ಅಡುಗೆಮನೆಯ ಅಷ್ಟೂ ಜನ, ರಾಯರು, ಕಂಪೌಂಡರು ಎಲ್ಲ ಬಾಗಿಲ ಹೊರಗಿನ ನಲ್ಲಿಯ ಸುತ್ತ ನಿಂತಿದ್ದರು. ಮುಖ್ಯ ಕೊಳವೆ ಬಂದ್ ಮಾಡಿ, ಸ್ಪ್ಯಾನರ್ ಹಾಕಿ, ನಲ್ಲಿಯ ತಲೆ ತಿರುಗಿಸಿ ಬಿಚ್ಚಿದ. ಒಳಗಿನಿಂದ ಕಪ್ಪಗೆ ನೆನೆದ ಒಂದು ಬಿಲ್ಲೆ ಎತ್ತಿ, ಉಗುರಿನಿಂದ ಕೆರೆದು, ಮೂಸಿ ನೋಡಿ ನನ್ನ ಕಡೆ ಹಿಡಿದ. “ಚಮಡಾ ಹೈ, ಬಾಯಿ.” ಚರ್ಮ!

ನನ್ನ ಮರ್ಯಾದೆ ಆ ಮೋರಿಯಲ್ಲೇ ಹರಿದುಹೋಯಿತು. ಬೇರೆಯವರಾಗಿದ್ದರೆ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು. ಭಟ್ಟರು ನನ್ನ ಮುಖ ನೋಡದೆ ಒಳಗಿನ ಒಲೆಯ ಕಡೆ ತಿರುಗಿ ಬೆಂಕಿ ಸರಿಮಾಡುವ ನೆವ ಮಾಡಿದರು. ಆದರೆ ಅಲ್ಲಿಗೆ ಮುಗಿಯಲಿಲ್ಲ. ಅಲ್ಲಿಯವರೆಗೆ ನಲ್ಲಿಗೆ ಬಾಯಿಟ್ಟು ಕುಡಿಯುತ್ತಿದ್ದ ಎರಡನೆಯ ಅಡುಗೆಯವನೂ ಇನ್ನಿಬ್ಬರೂ ಆ ಬಿಲ್ಲೆ ಕಣ್ಣಾರೆ ಕಂಡ ಮೇಲೆ ಹೇಸಿಗೆಪಟ್ಟು ಕುಡಿಯುವುದು ಬಿಟ್ಟರು. ನೀರು ಕುಡಿಯದವನು ಒಬ್ಬನಿದ್ದ ಕಡೆ ನನ್ನಿಂದಾಗಿ ನಾಲ್ವರಾದರು. ಹೊಸ ರಬ್ಬರ್ ಬಿಲ್ಲೆ ಹಾಕಿಸಿಕೊಡುತ್ತೇನೆ ಎಂದರೆ ಭಟ್ಟರು ವಿನಯದಿಂದಲೇ ಕೇಳಿದರು, ಈ ನಲ್ಲಿಗೆ ಹಾಕಬಹುದು, ಮುನಿಸಿಪಾಲಿಟಿಯ ಕೊಳವೆಯಲ್ಲಿ ಹಿಂದೆ ಎಷ್ಟು ಕಡೆ ಇದೆಯೋ ಯಾರು ಬಿಚ್ಚಿ ನೋಡುವುದು?

ಎರಡು ದಿನ ಬಿಟ್ಟು ಮತ್ತೆ ನೋವು ಬಂತು. ಈ ಸಲ ಮೊದಲಿಗಿಂತ ಜೋರು. ದವಾಖಾನೆಯ ಬೆಂಚಿನ ಮೇಲೆ ಮುದುರಿ ಮಲಗಿದ ಆ ದೊಡ್ಡ ದೇಹ ನೋಡಿ ನನಗೆ ಸಂಕಟವಾಯಿತು. ಆ ಸಂಕಟ ಬಾಯಿಗೆ ಬರುವಾಗ ಸಿಟ್ಟಾಗಿಯೇ ಬಂತು. ಕಿಡ್ನಿ ಬೇಕೋ ಮಡಿ ಬೇಕೋ, ಇವತ್ತೇ ಹೇಳಿಬಿಡಿ ಎಂದೆ.

ಭಟ್ಟರು ಕಣ್ಣು ಮುಚ್ಚಿಕೊಂಡೇ ಹೇಳಿದರು, “ಎರಡೂ ಬೇಕಲ್ಲ ಡಾಕ್ಟ್ರಮ್ಮ. ಅಜ್ಜಿ ಈಗ ಇಲ್ಲ. ಮಾತು ಉಂಟಲ್ಲ.”

ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತೆ. ಮೂರು ವಾರದಲ್ಲಿ ನಾನು ಅಪ್ಪಣೆ ಕೊಟ್ಟಿದ್ದೆ, ಬೈದಿದ್ದೆ, ಸವಾಲು ಹಾಕಿದ್ದೆ. ನಿಮ್ಮ ಕಟ್ಟಳೆಯೊಳಗೆ ದಾರಿ ಯಾವುದಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳೋಣ ಎಂದು ಆಗ ತೀರ್ಮಾನ ಮಾಡಿದೆ. ಭಟ್ರೇ, ನನಗೆ ದಿನಕ್ಕೆ ಹತ್ತು ಲೋಟ ನೀರು ನಿಮ್ಮ ಹೊಟ್ಟೆಗೆ ಹೋಗಬೇಕು, ಅಷ್ಟೇ, ಅದು ಹೇಗೆ ಎಂದು ನೀವೇ ಹೇಳಿ, ನೀವು ಹೇಳಿದ ಹಾಗೆ ಮಾಡೋಣ ಎಂದೆ.

ಚುಚ್ಚುಮದ್ದು ಕೆಲಸ ಮಾಡತೊಡಗಿ ನೋವು ಇಳಿಯುತ್ತಿತ್ತು. ಭಟ್ಟರು ಎದ್ದು ಕೂತು, “ನೀರನ್ನು ಅಡುಗೆ ಮಾಡಿದ್ರೆ ಆಗ್ತದೆ” ಎಂದರು. ಬರೀ ಕಾಸಿದ ನೀರು ಕಾಯಿಲೆಯವರಿಗೆ, ಬಾಣಂತಿಯರಿಗೆ. ಅದು ತಮ್ಮ ತಲೆಗೆ ಹೊಳೆದೇ ಇರಲಿಲ್ಲ, ಒಲೆಯ ಮುಂದೆ ನಿಂತವನು ಬಿಸಿನೀರು ಯಾಕೆ ಕುಡಿಯುತ್ತಾನೆ ಎಂದರು. ಆದರೆ ಸಾರು ಮಾಡಿದ ಹಾಗೆ ಕ್ರಮದಲ್ಲಿ ಬೇಯಿಸಿ, ಆರಿಸಿ, ಇಳಿಸಿ ಇಟ್ಟರೆ ಅದು ನೀರಲ್ಲ, ಅಡುಗೆ. ಅಡುಗೆಯನ್ನು ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು. ಬೆಂಕಿ ಕಂಡದ್ದಕ್ಕೆ ದೋಷವಿಲ್ಲ ಎಂದು ಅವರ ಬಾಯಿಂದಲೇ ಕೇಳಿದ್ದರೂ, ವಾದ ಗೆಲ್ಲುವ ಹಟದಲ್ಲಿ ನನಗೂ ಇದು ಹೊಳೆದಿರಲಿಲ್ಲ.

ಇದನ್ನು ಕೇಳಿ ನಾನು ಕುಣಿಯಬೇಕಿತ್ತು. ಆದರೆ ಮೊದಲ ದಿನವೇ ಸೋತೆವು. ನೀರಿಗೆ ಹೊಗೆ ವಾಸನೆ ಹಿಡಿದಿತ್ತು, ಆರುವಷ್ಟು ಹೊತ್ತೂ ಇರಲಿಲ್ಲ. ಆ ಧಗೆಯಲ್ಲಿ ಬಿಸಿಬಿಸಿ ನೀರು ಕುಡಿದು ಭಟ್ಟರಿಗೆ ವಾಂತಿಯಾಯಿತು. ಬೇರೆ ರೋಗಿಯಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದ. ಇವರು ಅದನ್ನು ಕೆಟ್ಟುಹೋದ ಒಂದು ಅಡುಗೆಯ ಹಾಗೆ ತೆಗೆದುಕೊಂಡು, ಎಲ್ಲಿ ಕೆಟ್ಟಿತು ಎಂದು ಹುಡುಕಿದರು. ಸೌದೆ ಒಲೆ ಬಿಟ್ಟು ಇದ್ದಿಲಿನ ಸಿಗಡಿ ಒಲೆಯ ಮೇಲೆ ಇಟ್ಟರು. ಕಲಾಯಿ ಹಾಕಿಸಿದ ಹೊಸ ಪಾತ್ರೆಯನ್ನು ಅದಕ್ಕೆಂದೇ ಮೀಸಲಿಟ್ಟರು. ಬೆಳಗಿನ ಮೊದಲ ಕೆಂಡ ಅದಕ್ಕೇ. ಕುದಿ ಬಂದ ಮೇಲೆ ಕಾಲು ಭಾಗ ಇಂಗುವವರೆಗೆ ಬಿಡುತ್ತಿದ್ದರು, ಆಮೇಲೆ ಲಾವಂಚದ ಬೇರಿನ ಒಂದು ಹಿಡಿ ಹಾಕಿ ಮುಚ್ಚುತ್ತಿದ್ದರು. ತಣಿದದ್ದನ್ನು ಮಣ್ಣಿನ ಹೂಜಿಗೆ ಸೋಸಿ, ಗಾಳಿಯಾಡುವ ಹಿಂದಿನ ಕಿಟಕಿಯ ಕೆಳಗೆ, ಯಾರ ಕೈಯೂ ತಾಗದ ಮೂಲೆಯಲ್ಲಿ ಇಡುತ್ತಿದ್ದರು. ಈ ದಿನ ಬೇಯಿಸಿದ್ದು ಮರುದಿನಕ್ಕೆ. ಅದು ತಂಗಳಾಗುವುದಿಲ್ಲವೇ ಎಂದು ಛೇಡಿಸಿದೆ. ಅನ್ನಕ್ಕೆ ತಂಗಳು, ನೀರಿಗೆ ಎಂತ ತಂಗಳು ಎಂದು ಅವರೇ ಶಾಸ್ತ್ರ ಹೇಳಿಬಿಟ್ಟರು.

ಲೆಕ್ಕ ಇಡುವುದಕ್ಕೂ ಅವರದೇ ದಾರಿ. ಗಡಿಯಾರ ನೋಡಿ ಕುಡಿ ಎಂದರೆ ಗಿರಾಕಿಯ ಗಲಾಟೆಯಲ್ಲಿ ಯಾರಿಗೆ ನೆನಪಿರುತ್ತದೆ? ಬೆಳಿಗ್ಗೆ ಆರು ಒಬ್ಬೆ, ಎಂದರೆ ಆರು ಸಲ ಪಾತ್ರೆ ತುಂಬ, ಇಡ್ಲಿ ಬೇಯುತ್ತಿತ್ತು. ಒಂದೊಂದು ಒಬ್ಬೆ ಇಳಿಸಿದಾಗಲೂ ಒಂದು ಲೋಟ ನೀರು. ಇಡ್ಲಿ ಇಳಿಸುವುದನ್ನು ಅವರು ಮರೆಯುವುದಿಲ್ಲ, ಆದ್ದರಿಂದ ನೀರನ್ನೂ ಮರೆಯುವುದಿಲ್ಲ. ಊಟಕ್ಕೆ ಮೊದಲು ಎರಡು, ಸಂಜೆ ಎರಡು. ಕಾಫಿಯನ್ನು ನಾನು ಬೇಡ ಎನ್ನುವ ಮೊದಲೇ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದಕ್ಕೆ ಇಳಿಸಿದ್ದರು. ಹೊಟ್ಟೆಯಲ್ಲಿ ನೀರಿದ್ದರೆ ಕಾಫಿ ನೆನಪಾಗುವುದೇ ಇಲ್ಲ ಎಂದು ಅವರೇ ಆಶ್ಚರ್ಯಪಟ್ಟರು. ನಾನು ಅಂದು ಕಂಡದ್ದನ್ನೇ ಈಗಲೂ ಹೇಳುತ್ತೇನೆ. ನೀರು ಕೊಬ್ಬನ್ನು ಕರಗಿಸುವುದಿಲ್ಲ. ಕೊಬ್ಬು ಬೆಳೆಸುತ್ತಿದ್ದ ಪದಾರ್ಥದ ಜಾಗ ಹಿಡಿಯುತ್ತದೆ, ಅಷ್ಟು ಸಾಕು.

ನಾಲ್ಕನೆಯ ವಾರ ಕಡ್ಡಿ ಸಾವಿರದ ಹದಿನೆಂಟಕ್ಕೆ ಇಳಿಯಿತು. ಐದನೆಯ ವಾರ ಸಾವಿರದ ಹನ್ನೊಂದು. ಜಾಡಿಯಲ್ಲಿ ಮೂತ್ರ ತಿಳಿ ಹುಲ್ಲಿನ ಬಣ್ಣಕ್ಕೆ ಬಂದಿತ್ತು. ಕಂಪೌಂಡರು ಅದನ್ನು ಬೆಳಕಿಗೆ ಎತ್ತಿ ಹಿಡಿದು, ಯಾವುದೋ ಬಹುಮಾನ ಬಂದವರ ಹಾಗೆ ಹಲ್ಲು ಬಿಟ್ಟರು. ತೂಕ ಇನ್ನೂರ ಒಂಬತ್ತು, ಇನ್ನೂರ ಆರು, ಇನ್ನೂರ ಮೂರು. ಪ್ರತಿ ಮಂಗಳವಾರ ಭಟ್ಟರು ತಕ್ಕಡಿ ಹತ್ತಿ ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದರು. ಅವರಿಗಿಂತ ಬಿಗಿಯಾಗಿ ನಾನು ಹಿಡಿದಿರುತ್ತಿದ್ದೆ. ನಲ್ಲಿಯನ್ನು ಬಿಟ್ಟಿದ್ದ ಆ ಮೂವರಿಗೂ ಭಟ್ಟರು ತಮ್ಮ ಹೂಜಿಯ ಪಕ್ಕ ಇನ್ನೊಂದು ದೊಡ್ಡ ಹೂಜಿ ತುಂಬಿಸಿಟ್ಟಿದ್ದರು. ನಾನು ಕೆಡಿಸಿದ್ದನ್ನು ಅವರು ಸದ್ದಿಲ್ಲದೆ ಸರಿಮಾಡಿದ್ದರು. ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ಗೌರವಕ್ಕೆ ಅದಕ್ಕಿಂತ ಬೇರೆ ಕಾರಣ ಬೇಕಾಗಿರಲಿಲ್ಲ.

ಆದರೂ ಕಲ್ಲು ಇಳಿಯಲಿಲ್ಲ. ಏಳನೆಯ ವಾರ ಮುಗಿಯಿತು. ತೂಕ ಇನ್ನೂರ ಒಂದು. ಸರ್ಜನ್ ಕೇಳಿದ ಇಪ್ಪತ್ತರಲ್ಲಿ ಏಳು ಪೌಂಡು ಬಾಕಿ. ಆದರೂ ಇನ್ನು ಕಾಯುವಂತಿಲ್ಲ ಎಂದು ಆಸ್ಪತ್ರೆಯಿಂದ ಹಾಸಿಗೆ ಗೊತ್ತಾಗಿರುವ ಚೀಟಿ ಬಂತು. ರಾಯರು ಎರಡನೆಯ ಅಡುಗೆಯವನನ್ನು ಕರೆದು ಮಸಾಲೆಯ ಪ್ರಮಾಣಗಳನ್ನೆಲ್ಲ ಭಟ್ಟರ ಹತ್ತಿರ ಕೇಳಿಕೊಳ್ಳಲು ಹೇಳಿದರು. ಭಟ್ಟರು ಬೇಸರಿಸದೆ ಒಂದೊಂದಾಗಿ ಹೇಳಿಕೊಟ್ಟರಂತೆ. ಆ ವಾರ ಅವರು ತಕ್ಕಡಿಯಿಂದ ಇಳಿದು, ಇಷ್ಟು ಕುಡಿದೂ ಆಗಲಿಲ್ಲ ಅಂದರೆ ನಿಮ್ಮ ತಪ್ಪು ಇಲ್ಲ ಡಾಕ್ಟ್ರಮ್ಮ ಎಂದು ನನಗೇ ಸಮಾಧಾನ ಹೇಳಿದರು. ನಾನು ಔಷಧಿ ಚೀಟಿಯ ಮೇಲೆ ಏನೋ ಬರೆಯುವ ಹಾಗೆ ಮಾಡಿದೆ.

ಆಸ್ಪತ್ರೆಗೆ ಸೇರಲು ಐದು ದಿನ ಇತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ, ದವಾಖಾನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅವರ ನಡುವೆ ಭಟ್ಟರು ಅಡುಗೆಯ ಪಂಚೆಯಲ್ಲೇ, ಬರಿಮೈಯಲ್ಲಿ, ರಸ್ತೆ ದಾಟಿ ಬಂದು ನಿಂತರು. ಅವರು ಕೆಲಸದ ನಡುವೆ ಒಲೆ ಬಿಟ್ಟು ಬರುವವರಲ್ಲ. ಮತ್ತೆ ನೋವು ಎಂದುಕೊಂಡು ನಾನು ಚುಚ್ಚುಮದ್ದಿನ ಡಬ್ಬಿಗೆ ಕೈ ಹಾಕಿದೆ. ಅವರು ಕೈಯಲ್ಲಿದ್ದ ಬಾಳೆಲೆಯ ತುಂಡನ್ನು ಮೇಜಿನ ಮೇಲಿಟ್ಟು ಬಿಡಿಸಿದರು. ಒಳಗೆ ಸೋಸುವ ಬಟ್ಟೆಯ ಚೂರು, ಅದರ ಮೇಲೆ ಕಂದು ಬಣ್ಣದ ಒಂದು ಕಲ್ಲು, ಅರ್ಧ ತೊಗರಿಬೇಳೆಯಷ್ಟು, ಮೈತುಂಬ ಮುಳ್ಳು.

“ಮೂರನೇ ಒಬ್ಬೆ ಆದ್ಮೇಲೆ ಬಂತು. ಇದೇ ಹೌದಾ ನೋಡಿ. ನಾಲ್ಕನೇದು ಒಲೆಯಲ್ಲಿ ಉಂಟು, ನಾನು ಹೋಗ್ತೇನೆ” ಎಂದು ಹೊರಟೇಬಿಟ್ಟರು.

ಚಿಮಟದಲ್ಲಿ ಎತ್ತಿ ನೋಡಿದೆ. ಅದೇ ಹೌದು. ಕಂಪೌಂಡರು ಸಾಲಿನಲ್ಲಿದ್ದವರಿಗೆಲ್ಲ ಮರಾಠಿಯಲ್ಲಿ ಕಥೆ ಹೇಳತೊಡಗಿದರು. ನಾನು ತಡೆಯಲಿಲ್ಲ. ಮರುದಿನ ತೆಗೆಸಿದ ಎಕ್ಸ್‌ರೇಯಲ್ಲಿ ಮೂತ್ರನಾಳ ಖಾಲಿ. ಸರ್ಜನ್ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿ, ಹಾಸಿಗೆಯ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಭಟ್ಟರ ಒಲೆ ಭಟ್ಟರಿಗೇ ಉಳಿಯಿತು.

ಕೊನೆಯ ತಪಾಸಣೆಗೆಂದು ಬಂದ ಮಂಗಳವಾರ ಅವರು ನನಗೆಂದು ಒಂದು ಸಣ್ಣ ಹೂಜಿ ತಂದಿದ್ದರು. ಒಳಗೆ ಅವರು ಬೇಯಿಸಿದ ನೀರು. ಲೋಟಕ್ಕೆ ಬಗ್ಗಿಸಿ ಮುಂದಿಟ್ಟರು. ಆಮೇಲೆ ಕುಡಿಯುತ್ತೇನೆ ಎಂದು ಪಕ್ಕಕ್ಕೆ ಸರಿಸಿದೆ. ಭಟ್ಟರು ಹೋಗಲಿಲ್ಲ, ನಿಂತೇ ಇದ್ದರು. “ಎರಡು ತಿಂಗಳಿಂದ ಬರ್ತಾ ಇದ್ದೇನೆ ಡಾಕ್ಟ್ರಮ್ಮ. ಈ ಮೇಜಿನ ಮೇಲೆ ಒಂದು ಲೋಟ ನೀರು ನಾನು ಕಂಡದ್ದಿಲ್ಲ. ನೀವು ಎಷ್ಟು ಕುಡೀತೀರಿ?”

ಬಾಯಿಗೆ ಬಂದದ್ದು ಸುಳ್ಳು, ಆದಷ್ಟು ಕುಡಿಯುತ್ತೇನೆ ಎಂದು. ಅದನ್ನು ನುಂಗಿಕೊಂಡೆ. ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಹೊರಟರೆ ಸಂಜೆ ಆರಕ್ಕೆ ಮನೆ ಸೇರುವವರೆಗೆ ನಾನು ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಆ ಚಾಳಿನಲ್ಲಿ ಇದ್ದದ್ದು ಅಂಗಳದ ಕೊನೆಯ ಸಾಮೂಹಿಕ ಕಕ್ಕಸು. ಇಡೀ ದಿನ ಗಂಡಸರ ಸಾಲು, ಬಾಗಿಲಿಗೆ ಸರಿಯಾದ ಚಿಲಕವೂ ಇಲ್ಲ. ದವಾಖಾನೆ ನಡೆಸುವವರಿಗೆ ಹೆಂಗಸು ಡಾಕ್ಟರು ಬೇಕಿತ್ತು, ಆಕೆಗೆ ಇದೂ ಬೇಕಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಕೇಳುವುದಕ್ಕೆ ನನಗೆ ನಾಚಿಕೆ. ಊರಿಗೆಲ್ಲ ಗದರುವ ನನಗೆ ಈ ಒಂದು ವಿಷಯದಲ್ಲಿ ನಾಲಗೆ ಏಳುತ್ತಿರಲಿಲ್ಲ. ಮಧ್ಯಾಹ್ನದ ತಲೆನೋವು, ಆಗಾಗ ಬರುವ ಉರಿಮೂತ್ರ ಎಲ್ಲಕ್ಕೂ ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ತಿಂಗಳು ತನ್ನ ಮೂತ್ರದ ಜಾಡಿ ಹಿಡಿದು ನನ್ನ ಮುಂದೆ ನಿಂತ ಮನುಷ್ಯನಿಗೆ ನಾನು ನಾಚುವುದು ನ್ಯಾಯವಲ್ಲ ಅನಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ತಲೆ ಎತ್ತದೆ. ಭಟ್ಟರು ನೆಲ ನೋಡುತ್ತ ಕೇಳಿದರು. ಹೆಂಗಸರ ಮುಖ ನೋಡಿ ಮಾತಾಡದ ಮನುಷ್ಯ, ಕಿವಿ ಕೆಂಪಗಾಗಿತ್ತು. ನಮಸ್ಕಾರವನ್ನೂ ಹೇಳದೆ ಹೋದರು. ಹೇಳಬಾರದಿತ್ತು ಎಂದು ಇಡೀ ಸಂಜೆ ಹಳಹಳಿಸಿದೆ.

ಮರುದಿನ ಮಧ್ಯಾಹ್ನ ಅವರು ಮತ್ತೆ ಬಂದು ಒಂದು ಬೀಗದ ಕೈ ಮೇಜಿನ ಮೇಲಿಟ್ಟರು. ಹೋಟೆಲಿನ ಮೇಲಿನ ಮಹಡಿಯಲ್ಲೇ ರಾಯರ ಮನೆ. ಹಿಂದಿನ ಮೆಟ್ಟಿಲು ಹತ್ತಿದರೆ ಎಡಗಡೆಗೆ ಮನೆಯ ಹೆಂಗಸರದೇ ಕಕ್ಕಸು. ಗಿರಾಕಿಯ ಕಣ್ಣಿಗೆ ಬೀಳದೆ ಹೋಗಿ ಬರಬಹುದು. ಇಷ್ಟನ್ನೂ ಅವರು ಗೋಡೆಯ ಕಡೆ ನೋಡುತ್ತ ಒಂದೇ ಉಸಿರಿಗೆ ಹೇಳಿದರು. ಈ ಮಾತನ್ನು ಅವರು ಯಜಮಾನರ ಹೆಂಡತಿಯ ಮುಂದೆ ಹೇಗೆ ಎತ್ತಿದರೋ, ಎಷ್ಟು ಬೆವರಿದರೋ ನನಗೆ ಊಹಿಸುವುದೂ ಕಷ್ಟ.

“ಅಮ್ಮನವರಿಗೆ ಹೇಳಿದ್ದೇನೆ. ಇನ್ನು ಕುಡೀರಿ” ಎಂದರು.

ಬೈಯುವುದು ಬಿಟ್ಟು ದಾರಿ ಕೇಳುವುದಕ್ಕೆ ನನಗೆ ಮೂರು ವಾರ ಬೇಕಾಗಿತ್ತು. ಅವರಿಗೆ ಒಂದು ದಿನ ಸಾಕಾಯಿತು. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಕೊಳ್ಳಲಿಲ್ಲ. ಅವರ ಮುಂದೆಯೇ ಹೂಜಿಯಿಂದ ಎರಡು ಲೋಟ ಬಗ್ಗಿಸಿಕೊಂಡು ನಿಧಾನವಾಗಿ ಪೂರ್ತಿ ಕುಡಿದೆ. ಒಂದು ಗಂಟೆಯ ಮೇಲೆ, ಹೊರಗೆ ಇನ್ನೂ ಹತ್ತು ರೋಗಿಗಳು ಕಾದಿದ್ದಾಗ, ಸ್ವಲ್ಪ ಕೂತಿರಿ ಎಂದು ಹೇಳಿ ಬೀಗದ ಕೈ ತೆಗೆದುಕೊಂಡೆ. ಆ ದವಾಖಾನೆಗೆ ಸೇರಿದ ಮೇಲೆ ಮೊದಲ ಬಾರಿಗೆ ಕೆಲಸದ ನಡುವೆ ನನಗಾಗಿ ಎದ್ದು ರಸ್ತೆ ದಾಟಿದೆ.